ಟರ್ಮಿನಲ್ ಹಿಸ್ಟರಿ ಅಳಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯ ಕಡೆಯ ಇಂಜಿನಿಯರಿಂಗ್ ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಲಿನಕ್ಸ್ ಹೇಳಿಕೊಡುವಾಗ ಈ ವಿಷಯ ಬಾರದ ದಿನವೇ ಕಡಿಮೆ. ಲ್ಯಾಬ್‌ನಲ್ಲಿ ಎಲ್ಲ ಬ್ಯಾಚ್‌ಗೂ ಒಂದೇ ಲಾಗಿನ್ ಇರುತ್ತದೆ. ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾ ಕಡೆ ಇಂಟರ್ನ್‌ಶಿಪ್‌ಗೆ ಸೇರಿದವರಿಗೆ ಯಾರದೋ ಸರ್ವರ್ ಕೈಗೆ ಬಂದಿರುತ್ತದೆ, ಅವಸರದಲ್ಲಿ ಪಾಸ್‌ವರ್ಡ್ ಕಮಾಂಡ್ ಸಾಲಿನಲ್ಲೇ ಬಿದ್ದಿರುತ್ತದೆ. ಆಮೇಲೆ ಗಾಬರಿ. ಕೇಳಿದವರಿಗೆಲ್ಲ ವಾಟ್ಸಾಪ್‌ನಲ್ಲಿ ತುಂಡು ತುಂಡಾಗಿ ಹೇಳುವ ಬದಲು ಒಂದೇ ಕಡೆ ಬರೆದಿಟ್ಟಿದ್ದೇನೆ.

ಒಂದು ಮಾತು ಮೊದಲೇ. ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರಣೆಯಂತೆ ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಚಿಕ್ಕಕ್ಷರದಲ್ಲೇ ಹೊಡೆಯಬೇಕು. ದೊಡ್ಡಕ್ಷರ ಬೇಕಾದ ಕಡೆ ಹೇಳಿದ್ದೇನೆ. ಚುಕ್ಕಿ, ಅಡ್ಡಗೆರೆ, ಸ್ಪೇಸ್ ಎಲ್ಲ ಇದ್ದ ಹಾಗೇ.

ಹಿಸ್ಟರಿ ಅಂದರೆ ಏನು, ಅದು ಎಲ್ಲಿರುತ್ತದೆ?

ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ, ಮೇಲಿನ ಬಾಣದ ಕೀ ಒತ್ತಿದರೆ ಹಳೇ ಕಮಾಂಡ್ ಬರುತ್ತದಲ್ಲ, ಅದೇ. ಉಬುಂಟುವಿನಂಥ ಲಿನಕ್ಸ್‌ನಲ್ಲಿ ನಿಮ್ಮ ಕಮಾಂಡ್‌ಗಳನ್ನು ಓದುವ ಶೆಲ್ ಸಾಮಾನ್ಯವಾಗಿ ಬ್ಯಾಶ್. ಬ್ರಯಾನ್ ಫಾಕ್ಸ್ ಇದನ್ನು ಬರೆದು 1989ರಲ್ಲಿ ಹೊರಬಿಟ್ಟರು. ಹಿಸ್ಟರಿ ಎಂಬ ಸೌಲಭ್ಯ ಅದಕ್ಕಿಂತ ಹಳೆಯದು, 70ರ ದಶಕದ ಕೊನೆಯಲ್ಲಿ ಬಿಲ್ ಜಾಯ್ ಬರೆದ ಸಿ ಶೆಲ್‌ನಲ್ಲೇ ಇತ್ತು.

ಇದು ಎರಡು ಕಡೆ ಇರುತ್ತದೆ. ಇದನ್ನು ತಿಳಿದುಕೊಂಡರೆ ಮುಂದಿನ ಅರ್ಧ ಪ್ರಶ್ನೆಗಳಿಗೆ ಉತ್ತರ ತಾನಾಗೇ ಸಿಗುತ್ತದೆ. ಒಂದು, ತೆರೆದಿರುವ ಟರ್ಮಿನಲ್‌ನ ಮೆಮೊರಿ. ಇನ್ನೊಂದು, ನಿಮ್ಮ ಹೋಮ್ ಫೋಲ್ಡರ್‌ನ `.ಬ್ಯಾಶ್_ಹಿಸ್ಟರಿ` ಎಂಬ ಫೈಲ್. ಹೆಸರು ಚುಕ್ಕಿಯಿಂದ ಶುರುವಾಗುವುದರಿಂದ ಸುಮ್ನೆ `ಎಲ್‌ಎಸ್` ಹೊಡೆದರೆ ಕಾಣುವುದಿಲ್ಲ, `ಎಲ್‌ಎಸ್ -ಎ` ಹೊಡೆಯಬೇಕು. ಟರ್ಮಿನಲ್ ತೆರೆದಾಗ ಬ್ಯಾಶ್ ಆ ಫೈಲನ್ನು ಓದಿ ಮೆಮೊರಿಗೆ ತುಂಬಿಕೊಳ್ಳುತ್ತದೆ. ನೀವು ಹೊಡೆಯುವ ಹೊಸ ಕಮಾಂಡ್‌ಗಳು ಮೆಮೊರಿಯಲ್ಲೇ ಸೇರುತ್ತಾ ಹೋಗುತ್ತವೆ, ಟರ್ಮಿನಲ್ ಮುಚ್ಚುವಾಗ ಫೈಲಿಗೆ ಇಳಿಯುತ್ತವೆ. ಬ್ಯಾಶ್ ತಾನಾಗಿ ನೆನಪಿಡುವುದು 500 ಕಮಾಂಡ್. ಉಬುಂಟುವಿನಲ್ಲಿ ಮಾತ್ರ ಇದನ್ನು ಮೆಮೊರಿಗೆ 1000, ಫೈಲಿಗೆ 2000 ಅಂತ ಹೆಚ್ಚಿಸಿ ಕೊಟ್ಟಿರುತ್ತಾರೆ.

ಕ್ಲಿಯರ್ ಹೊಡೆದೆ, ಸ್ಕ್ರೀನ್ ಖಾಲಿಯಾಯ್ತು. ಮುಗೀತಾ?

ಇಲ್ಲ. `ಕ್ಲಿಯರ್` ಆಗಲಿ, ಕಂಟ್ರೋಲ್ ಒತ್ತಿ ಎಲ್ ಆಗಲಿ, ಕಣ್ಣಿಗೆ ಕಾಣುವ ಅಕ್ಷರಗಳನ್ನಷ್ಟೇ ಸರಿಸುತ್ತದೆ. ಬಾಣದ ಕೀ ಒತ್ತಿ ನೋಡಿ, ಎಲ್ಲ ಹಾಗೇ ಇರುತ್ತದೆ.

ಹಾಗಾದರೆ ಬ್ಯಾಶ್‌ನಲ್ಲಿ ಪೂರ್ತಿ ಅಳಿಸುವುದು ಹೇಗೆ?

ಬೇರೆ ಟರ್ಮಿನಲ್‌ಗಳು ತೆರೆದಿದ್ದರೆ ಮೊದಲು ಅವನ್ನೆಲ್ಲ ಮುಚ್ಚಿ. ಉಳಿದ ಒಂದರಲ್ಲಿ ಹೀಗೆ ಹೊಡೆಯಿರಿ:

`ಹಿಸ್ಟರಿ -ಸಿ && ಹಿಸ್ಟರಿ -ಡಬ್ಲ್ಯೂ`

ಮೊದಲನೆಯದು ಮೆಮೊರಿ ಖಾಲಿ ಮಾಡುತ್ತದೆ. ಎರಡನೆಯದು ಆ ಖಾಲಿ ಪಟ್ಟಿಯನ್ನೇ ಫೈಲಿನ ಮೇಲೆ ಬರೆಯುತ್ತದೆ. ಎರಡೂ ಆಗಬೇಕು, ಒಂದೇ ಮಾಡಿದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ನಾನು ಅಳಿಸಿದ್ದೆ, ಮತ್ತೆ ಲಾಗಿನ್ ಆದರೆ ಎಲ್ಲ ವಾಪಸ್ ಬಂದಿದೆ. ಯಾಕೆ?

ಬಹುತೇಕ ಇಲ್ಲಿ ಮೂರರಲ್ಲಿ ಒಂದು ಆಗಿರುತ್ತದೆ. ನೀವು ಬರೀ `ಹಿಸ್ಟರಿ -ಸಿ` ಹೊಡೆದಿದ್ದೀರಿ, ಫೈಲ್ ಹಾಗೇ ಇತ್ತು, ಮುಂದಿನ ಸಲ ಬ್ಯಾಶ್ ಅದನ್ನೇ ಓದಿತು. ಅಥವಾ ಫೈಲನ್ನು ಮಾತ್ರ `ಆರ್‌ಎಂ` ಹಾಕಿ ತೆಗೆದಿದ್ದೀರಿ, ಮುಚ್ಚುವಾಗ ಬ್ಯಾಶ್ ಹೊಸ ಫೈಲ್ ಮಾಡಿ ಆವತ್ತು ಹೊಡೆದ ಕಮಾಂಡ್‌ಗಳನ್ನೆಲ್ಲ ಅದಕ್ಕೆ ಬರೆದುಬಿಟ್ಟಿತು. ಮೂರನೆಯದೇ ಜಾಸ್ತಿ ಜನರಿಗೆ ಹೊಳೆಯದ್ದು: ಪಕ್ಕದಲ್ಲಿ ಇನ್ನೊಂದು ಟರ್ಮಿನಲ್ ತೆರೆದಿತ್ತು. ಪ್ರತಿ ಟರ್ಮಿನಲ್‌ಗೂ ತನ್ನದೇ ಮೆಮೊರಿ ಪಟ್ಟಿ ಇರುತ್ತದೆ. ಅದು ಮುಚ್ಚುವಾಗ ತನ್ನಲ್ಲಿದ್ದದ್ದನ್ನು ಫೈಲಿಗೆ ಬರೆಯುತ್ತದೆ, ನೀವು ಈ ಕಡೆ ಅಳಿಸಿದ್ದು ಅದಕ್ಕೆ ಗೊತ್ತಿರುವುದಿಲ್ಲ.

ಈ ಟರ್ಮಿನಲ್‌ನಲ್ಲಿ ಮಾಡಿದ್ದು ಯಾವುದೂ ಫೈಲಿಗೆ ಇಳಿಯಬಾರದು ಅನ್ನಿಸಿದರೆ ಮುಚ್ಚುವ ಮುಂಚೆ `ಅನ್‌ಸೆಟ್ ಹಿಸ್ಟ್‌ಫೈಲ್` ಹೊಡೆಯಿರಿ, ಎರಡನೇ ಪದ ಪೂರ್ತಿ ದೊಡ್ಡಕ್ಷರ. ಬರೆಯಲು ಫೈಲೇ ಇಲ್ಲವಾದ್ದರಿಂದ ಬ್ಯಾಶ್ ಏನೂ ಬರೆಯದೆ ಮುಚ್ಚಿಕೊಳ್ಳುತ್ತದೆ.

ಎಲ್ಲ ಬೇಡ, ಒಂದೇ ಒಂದು ಸಾಲು ಅಳಿಸಬೇಕು.

ನನ್ನ ಪ್ರಕಾರ ಹೆಚ್ಚಿನವರಿಗೆ ನಿಜವಾಗಿ ಬೇಕಿರುವುದು ಇದೇ. `ಹಿಸ್ಟರಿ` ಅಂತ ಹೊಡೆದರೆ ಪ್ರತಿ ಕಮಾಂಡ್‌ನ ಎಡಗಡೆ ಒಂದು ನಂಬರ್ ಕಾಣುತ್ತದೆ. ಬೇಡದ ಸಾಲಿನ ನಂಬರ್ 412 ಅಂದುಕೊಳ್ಳಿ:

`ಹಿಸ್ಟರಿ -ಡಿ 412`

ಆಮೇಲೆ `ಹಿಸ್ಟರಿ -ಡಬ್ಲ್ಯೂ`, ಫೈಲಿನಿಂದಲೂ ಹೋಗಲು. ನಾಲ್ಕಾರು ಸಾಲು ಅಳಿಸುವುದಿದ್ದರೆ ಕೆಳಗಿನಿಂದ ಮೇಲಕ್ಕೆ ಬನ್ನಿ. 412 ಅಳಿಸಿದ ಕೂಡಲೇ 413 ಇದ್ದದ್ದು 412 ಆಗುತ್ತದೆ, ಇದನ್ನು ಗಮನಿಸದೆ ಬೇಡದ್ದು ಉಳಿದು ಬೇಕಾದದ್ದು ಹೋಗುವುದು ಮಾಮೂಲು. 2019ರ ಆರಂಭದಲ್ಲಿ ಬಂದ ಬ್ಯಾಶ್ 5.0ರಿಂದ ಈಚೆಗೆ `ಹಿಸ್ಟರಿ -ಡಿ 405-412` ಅಂತ ಒಟ್ಟಿಗೇ ಕೊಡಬಹುದು. ಮ್ಯಾಕ್ ಜೊತೆ ಬರುವ ಬ್ಯಾಶ್ ಇನ್ನೂ 3.2, ಅದರಲ್ಲಿ ಇದು ನಡೆಯುವುದಿಲ್ಲ.

ಪಾಸ್‌ವರ್ಡ್ ಕಮಾಂಡ್ ಸಾಲಿನಲ್ಲೇ ಟೈಪ್ ಆಗಿಹೋಯ್ತು! ಈಗ ಏನು ಮಾಡಲಿ?

ಮೊದಲು ಪಾಸ್‌ವರ್ಡ್ ಬದಲಿಸಿ. ಹಿಸ್ಟರಿ ಆಮೇಲೆ.

ಎಲ್ಲರೂ ಇದನ್ನು ಉಲ್ಟಾ ಮಾಡುತ್ತಾರೆ. ಹಿಸ್ಟರಿ ಅಳಿಸಿ ನಿಟ್ಟುಸಿರು ಬಿಟ್ಟು ಅದೇ ಪಾಸ್‌ವರ್ಡ್ ಇಟ್ಟುಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬೀಗದ ಕೈ ಯಾರಿಗೆ ಸಿಕ್ಕಿದೆಯೋ ಗೊತ್ತಿಲ್ಲ ಅಂದಾಗ ಮನೆಯವರು ಬೀಗವನ್ನೇ ಬದಲಿಸುತ್ತಾರಲ್ಲ, ಇಲ್ಲೂ ಅಷ್ಟೇ. ಯಾಕೆಂದರೆ ಆ ಗುಟ್ಟು ಹಿಸ್ಟರಿಯಲ್ಲಿ ಮಾತ್ರ ಇರುವುದಿಲ್ಲ. ಕಮಾಂಡ್ ಓಡುತ್ತಿದ್ದಷ್ಟು ಹೊತ್ತು ಅದೇ ಮಷೀನ್‌ನಲ್ಲಿರುವ ಬೇರೆಯವರು `ಪಿಎಸ್` (ಓಡುತ್ತಿರುವ ಕಮಾಂಡ್‌ಗಳ ಪಟ್ಟಿ ತೋರಿಸುವುದು) ಹೊಡೆದರೆ ಸಾಮಾನ್ಯವಾಗಿ ನಿಮ್ಮ ಪೂರ್ತಿ ಸಾಲು ಅವರಿಗೆ ಕಾಣುತ್ತದೆ. ಕಮಾಂಡ್‌ನ ಮುಂದೆ `ಸುಡೊ` (ರೂಟ್ ಎಂಬ ಅಡ್ಮಿನ್ ಅಧಿಕಾರದಲ್ಲಿ ಓಡಿಸಲು ಹಾಕುವ ಪದ) ಸೇರಿಸಿದ್ದರೆ ಪೂರ್ತಿ ಕಮಾಂಡ್ ಸಿಸ್ಟಮ್ ಲಾಗ್‌ಗೂ ಹೋಗುತ್ತದೆ. ಉಬುಂಟುವಿನಲ್ಲಿ `/ವಾರ್/ಲಾಗ್/ಆಥ್.ಲಾಗ್` ನೋಡಿದರೆ ಅಲ್ಲಿ ಕಾಣುತ್ತದೆ. ರಾತ್ರಿ ಬ್ಯಾಕಪ್ ಓಡುವ ಸರ್ವರ್ ಆದರೆ ಹಿಸ್ಟರಿ ಫೈಲ್‌ನ ಒಂದು ಪ್ರತಿ ಆಗಲೇ ಬೇರೆ ಡಿಸ್ಕ್‌ಗೆ ಹೋಗಿರಬಹುದು.

ಕೋಡ್ ಇಟ್ಟುಕೊಳ್ಳುವ ತಾಣ ಗಿಟ್‌ಹಬ್‌ನ ಟೋಕನ್ (ಪಾಸ್‌ವರ್ಡ್ ಬದಲಿಗೆ ಕೊಡುವ ಗುಟ್ಟಿನ ಕೋಡ್) ವಿಷಯ ಬೇರೆಯೇ ಹೇಳಬೇಕು. 2021ರ ಆಗಸ್ಟ್ 13ರಿಂದ ಗಿಟ್‌ಹಬ್ ಕಮಾಂಡ್ ಲೈನ್‌ನಲ್ಲಿ ಅಕೌಂಟ್ ಪಾಸ್‌ವರ್ಡ್ ಒಪ್ಪುವುದಿಲ್ಲ, ಅದಕ್ಕೇ ಎಲ್ಲರೂ ಟೋಕನ್ ಬಳಸುತ್ತಾರೆ. ಫೈನಲ್ ಇಯರ್ ಪ್ರಾಜೆಕ್ಟ್ ಮಾಡುವ ಹುಡುಗರು ಕ್ಲೋನ್ ಮಾಡುವ (ಪ್ರಾಜೆಕ್ಟ್‌ನ ನಕಲು ಇಳಿಸಿಕೊಳ್ಳುವ) ವಿಳಾಸದ ಒಳಗೇ ಟೋಕನ್ ತುರುಕಿಬಿಡುತ್ತಾರೆ. ಆಗ ಅದು ಹಿಸ್ಟರಿಯಲ್ಲೂ ಇರುತ್ತದೆ, ಆ ಪ್ರಾಜೆಕ್ಟ್‌ನ `.ಗಿಟ್` ಫೋಲ್ಡರ್‌ನ `ಕಾನ್ಫಿಗ್` ಫೈಲ್‌ನಲ್ಲೂ ಹಾಗೇ ಬರೆದಿರುತ್ತದೆ. ಆ ಫೋಲ್ಡರ್ ಅನ್ನು ಪೆನ್‌ಡ್ರೈವ್‌ಗೆ ಹಾಕಿ ಗೆಳೆಯನಿಗೆ ಕೊಟ್ಟರೆ ಟೋಕನ್ ಕೂಡ ಕೊಟ್ಟಂತೆ. ಗಿಟ್‌ಹಬ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಆ ಟೋಕನ್ ರದ್ದು ಮಾಡಿ, ಹೊಸದು ತೆಗೆದುಕೊಳ್ಳಿ.

ಪಾಸ್‌ವರ್ಡ್ ಬದಲಿಸಿದ ಮೇಲೆ ಹಿಸ್ಟರಿಯಿಂದ ಆ ಸಾಲು ತೆಗೆಯಿರಿ, ಆದರೆ ಹುಡುಕುವಾಗ ಹುಷಾರು. `ಹಿಸ್ಟರಿ | ಗ್ರೆಪ್` ಅಂತ ಹಾಕಿ ಮುಂದೆ ಪಾಸ್‌ವರ್ಡನ್ನೇ ಟೈಪ್ ಮಾಡಿದರೆ ಅದು ಇನ್ನೊಂದು ಸಾಲಾಗಿ ಹಿಸ್ಟರಿಗೆ ಸೇರುತ್ತದೆ. ಬದಲಿಗೆ ಆ ಸಾಲಿನ ಬೇರೆ ಪದ ಕೊಟ್ಟು ಹುಡುಕಿ, ಉದಾಹರಣೆಗೆ ಡೇಟಾಬೇಸ್‌ನ ಕಮಾಂಡ್ ಆಗಿದ್ದರೆ `ಮೈಎಸ್‌ಕ್ಯೂಎಲ್`. ಫೈಲನ್ನು ನೇರವಾಗಿ ತೆರೆದು ತಿದ್ದುವುದಾದರೆ `ನ್ಯಾನೊ` ಎಡಿಟರ್ ಬಳಸಿ. ವಿಮ್ ಎಂಬ ಎಡಿಟರ್ ಬಳಸಿದರೆ ನೀವು ಅಳಿಸಿದ ಸಾಲು ಅದರದೇ `.ವಿಮ್‌ಇನ್ಫೊ` ಫೈಲ್‌ನಲ್ಲಿ ಉಳಿಯುವ ಸಾಧ್ಯತೆ ಇದೆ.

ಮುಂದೆ ಪಾಸ್‌ವರ್ಡ್ ಹಿಸ್ಟರಿಗೆ ಬೀಳದ ಹಾಗೆ ಹೇಗೆ ನೋಡಿಕೊಳ್ಳುವುದು?

ಸುಲಭದ ದಾರಿ ಸ್ಪೇಸ್. ಕಮಾಂಡ್ ಶುರು ಮಾಡುವ ಮುಂಚೆ ಒಂದು ಸ್ಪೇಸ್ ಬಿಟ್ಟು ಹೊಡೆದರೆ ಆ ಸಾಲು ಹಿಸ್ಟರಿಗೆ ಸೇರುವುದಿಲ್ಲ. ಉಬುಂಟು, ಡೆಬಿಯನ್‌ನಲ್ಲಿ ಇದು ಮೊದಲೇ ಆನ್ ಇರುತ್ತದೆ. ಫೆಡೋರಾದಂಥವುಗಳಲ್ಲಿ ಇರುವುದಿಲ್ಲ, ಅದಕ್ಕೆ ಹೋಮ್ ಫೋಲ್ಡರ್‌ನ `.ಬ್ಯಾಶ್‌ಆರ್‌ಸಿ` (ಬ್ಯಾಶ್ ಶುರುವಾಗುವಾಗ ಓದುವ ಸೆಟ್ಟಿಂಗ್ಸ್) ಫೈಲ್‌ನ ಕೊನೆಗೆ `ಹಿಸ್ಟ್‌ಕಂಟ್ರೋಲ್=ಇಗ್ನೋರ್‌ಬೋತ್` ಎಂಬ ಸಾಲು ಸೇರಿಸಿ. ಸಮ ಚಿಹ್ನೆಯ ಎಡಗಡೆ ದೊಡ್ಡಕ್ಷರ, ಬಲಗಡೆ ಚಿಕ್ಕಕ್ಷರ, ನಡುವೆ ಸ್ಪೇಸ್ ಬೇಡ. ಬೇರೆ ಮಷೀನ್‌ಗೆ ಕೂತಾಗ ಸ್ಪೇಸ್ ನಂಬುವ ಮುಂಚೆ ಒಂದು ಮಾಮೂಲಿ ಕಮಾಂಡ್ ಹೊಡೆದು ಪರೀಕ್ಷೆ ಮಾಡಿಕೊಳ್ಳಿ.

ಆದರೂ ಸ್ಪೇಸ್ ಬಿಟ್ಟರೆ `ಪಿಎಸ್`ನಲ್ಲಿ ಕಾಣುವುದು ತಪ್ಪುವುದಿಲ್ಲ. ಪಾಸ್‌ವರ್ಡನ್ನು ಕಮಾಂಡ್ ಸಾಲಿಗೆ ತರದೇ ಇರುವುದೇ ಸರಿಯಾದ ಅಭ್ಯಾಸ. ಮೈಎಸ್‌ಕ್ಯೂಎಲ್‌ಗೆ `-ಪಿ` ಅಂತ ಮಾತ್ರ ಕೊಟ್ಟು ಎಂಟರ್ ಒತ್ತಿ, ಅದೇ ಪಾಸ್‌ವರ್ಡ್ ಕೇಳುತ್ತದೆ, ನೀವು ಟೈಪ್ ಮಾಡಿದ್ದು ಸ್ಕ್ರೀನ್ ಮೇಲೂ ಬರುವುದಿಲ್ಲ. ನಿಮ್ಮದೇ ಸ್ಕ್ರಿಪ್ಟ್ ಬರೆಯುವಾಗ `ರೀಡ್ -ಎಸ್` ಬಳಸಿದರೆ ಇದೇ ರೀತಿ ಆಗುತ್ತದೆ. ಸರ್ವರ್‌ಗೆ ಹೋಗಲು ಎಸ್‌ಎಸ್‌ಎಚ್ ಕೀ (ಸರ್ವರ್‌ನ ಪಾಸ್‌ವರ್ಡ್ ಬದಲು ಬಳಸುವ ಕೀ ಫೈಲ್) ಮಾಡಿಕೊಳ್ಳಿ.

ಸ್ವಲ್ಪ ಹೊತ್ತು ಪೂರ್ತಿ ನಿಲ್ಲಿಸಬೇಕೆಂದರೆ `ಸೆಟ್ +ಒ ಹಿಸ್ಟರಿ`, ಮತ್ತೆ ಶುರು ಮಾಡಲು `ಸೆಟ್ -ಒ ಹಿಸ್ಟರಿ`. ಇಲ್ಲಿ ಪ್ಲಸ್ ಅಂದರೆ ನಿಲ್ಲಿಸು, ಮೈನಸ್ ಅಂದರೆ ಶುರು. ನಾವು ಅಂದುಕೊಳ್ಳುವುದಕ್ಕೆ ತಿರುಗಾಮುರುಗಾ, ನೆನಪಿಟ್ಟುಕೊಳ್ಳಿ.

ಕಾಲೇಜ್ ಲ್ಯಾಬ್‌ನಲ್ಲಿ ಎಲ್ಲರಿಗೂ ಒಂದೇ ಲಾಗಿನ್. ನಾನು ಮಾಡಿದ್ದು ಮುಂದಿನ ಬ್ಯಾಚ್‌ಗೆ ಕಾಣುತ್ತಾ?

ಕಾಣುತ್ತದೆ. ಹಿಸ್ಟರಿ ಸೇರುವುದು ಲಾಗಿನ್ ಹೆಸರಿಗೆ, ಕೂತ ಮನುಷ್ಯನಿಗಲ್ಲ. ಬೆಳಗಿನ ಬ್ಯಾಚ್‌ನವರು ಲ್ಯಾಬ್ ಇಂಟರ್ನಲ್ಸ್‌ನಲ್ಲಿ ಹೊಡೆದ ಪೂರ್ತಿ ಪೈಪ್‌ಲೈನ್ ಮಧ್ಯಾಹ್ನದ ಬ್ಯಾಚ್‌ಗೆ ಬಾಣದ ಕೀ ಒತ್ತಿದರೆ ಸಿಗುತ್ತದೆ. ಇದರಲ್ಲಿ ವಿದ್ಯಾರ್ಥಿಗಳದ್ದು ತಪ್ಪಿಲ್ಲ. ಲ್ಯಾಬ್ ನೋಡಿಕೊಳ್ಳುವ ಸರ್, ಮೇಡಂಗಳಿಗೆ ನನ್ನ ಕೋರಿಕೆ ಇಷ್ಟೇ: ಪ್ರತಿಯೊಬ್ಬರ ಯುಎಸ್‌ಎನ್ (ವಿದ್ಯಾರ್ಥಿಯ ನೋಂದಣಿ ಸಂಖ್ಯೆ) ಹೆಸರಿನಲ್ಲಿ ಬೇರೆ ಬೇರೆ ಲಾಗಿನ್ ಮಾಡಿಕೊಡಿ. ಒಂದು ಚಿಕ್ಕ ಸ್ಕ್ರಿಪ್ಟ್ ಬರೆದರೆ ಇಡೀ ಸೆಮಿಸ್ಟರ್‌ನವರ ಲಾಗಿನ್ ಒಂದೇ ಸಲಕ್ಕೆ ಆಗುತ್ತದೆ. ಬ್ಯಾಶ್ ತಾನೇ ಮಾಡುವ ಹಿಸ್ಟರಿ ಫೈಲನ್ನು ಆ ಲಾಗಿನ್‌ನವರು ಮತ್ತು ರೂಟ್ ಬಿಟ್ಟು ಬೇರೆಯವರು ಓದಲಾಗದು, ಹಾಗಾಗಿ ಲಾಗಿನ್ ಬೇರೆಯಾದ ಕೂಡಲೇ ಈ ತೊಂದರೆ ಮುಗಿಯುತ್ತದೆ.

ಅದು ಆಗುವವರೆಗೆ ಹಂಚಿಕೊಂಡ ಮಷೀನ್‌ನಲ್ಲಿ ಕೂತ ತಕ್ಷಣ `ಅನ್‌ಸೆಟ್ ಹಿಸ್ಟ್‌ಫೈಲ್` ಹೊಡೆದು ಕೆಲಸ ಶುರು ಮಾಡಿ. ಬಾಣದ ಕೀ ನಿಮಗೆ ಮಾಮೂಲಿನಂತೆ ಕೆಲಸ ಮಾಡುತ್ತದೆ, ನೀವು ಎದ್ದು ಹೋದ ಮೇಲೆ ನಿಮ್ಮದು ಉಳಿದಿರುವುದಿಲ್ಲ. ಟರ್ಮಿನಲ್ ಮುಚ್ಚುವುದನ್ನು ಮಾತ್ರ ಮರೆಯಬೇಡಿ. ಇಡೀ ಲ್ಯಾಬಿನ ಹಿಸ್ಟರಿ ಅಳಿಸಲು ಹೋಗಬೇಡಿ, ಅದು ಬೇರೆಯವರದ್ದೂ ಹೌದು ಅಲ್ವಾ?

ಮ್ಯಾಕ್‌ನಲ್ಲಿ ಹಿಸ್ಟರಿ ಮೈನಸ್ ಸಿ ಹೊಡೆದರೆ ಎರರ್ ಬರುತ್ತೆ.

2019ರ ಕ್ಯಾಟಲಿನಾ ಆವೃತ್ತಿಯಿಂದ ಮ್ಯಾಕ್‌ನಲ್ಲಿ ಹೊಸ ಅಕೌಂಟ್‌ಗೆ ಬರುವುದು ಜೆಡ್ ಶೆಲ್, ಬ್ಯಾಶ್ ಅಲ್ಲ. ಅದಕ್ಕೆ `-ಸಿ` ಗೊತ್ತಿಲ್ಲ. ಅದರ ಫೈಲ್ `.ಜೆಡ್‌ಎಸ್‌ಎಚ್_ಹಿಸ್ಟರಿ`. ಉಳಿದ ಟರ್ಮಿನಲ್ ಮುಚ್ಚಿ, `ಆರ್‌ಎಂ ~/.ಜೆಡ್‌ಎಸ್‌ಎಚ್_ಹಿಸ್ಟರಿ` ಹೊಡೆದು, ನಂತರ `ಅನ್‌ಸೆಟ್ ಹಿಸ್ಟ್‌ಫೈಲ್`, ಆಮೇಲೆ ಕಿಟಕಿ ಮುಚ್ಚಿ. ಆಪಲ್‌ನ ಟರ್ಮಿನಲ್ ಆ್ಯಪ್ ಪ್ರತಿ ಕಿಟಕಿಯ ಹಿಸ್ಟರಿಯನ್ನು `.ಜೆಡ್‌ಎಸ್‌ಎಚ್_ಸೆಷನ್ಸ್` ಎಂಬ ಫೋಲ್ಡರ್‌ನಲ್ಲೂ ಇಡುತ್ತದೆ, ಅದರೊಳಗಿನ ಫೈಲ್‌ಗಳನ್ನೂ ತೆಗೆಯಿರಿ. ಮತ್ತೆ ತೆರೆದು ಬಾಣದ ಕೀ ಒತ್ತಿ ಖಾತ್ರಿ ಮಾಡಿಕೊಳ್ಳಿ.

ಜೆಡ್ ಶೆಲ್‌ನಲ್ಲಿ ಸ್ಪೇಸ್ ಉಪಾಯ ಬೇಕಿದ್ದರೆ `.ಜೆಡ್‌ಎಸ್‌ಎಚ್‌ಆರ್‌ಸಿ` ಫೈಲ್‌ಗೆ `ಸೆಟ್‌ಆಪ್ಟ್ ಹಿಸ್ಟ್_ಇಗ್ನೋರ್_ಸ್ಪೇಸ್` ಸೇರಿಸಬೇಕು.

ಕನ್ನಡದಲ್ಲಿ ಫೈಲ್ ಹೆಸರು ಇಡುವವರಿಗೆ ಒಂದು ಮಾತು. ಜೆಡ್ ಶೆಲ್ ಕೆಲವು ಬೈಟ್‌ಗಳನ್ನು ತನ್ನದೇ ರೀತಿಯಲ್ಲಿ ಬದಲಿಸಿ ಬರೆಯುತ್ತದೆ. ಹಾಗಾಗಿ ಹಿಸ್ಟರಿ ಫೈಲನ್ನು ಎಡಿಟರ್‌ನಲ್ಲಿ ತೆರೆದರೆ ಕನ್ನಡ ಅಕ್ಷರ ಮುರಿದ ಹಾಗೆ ಕಾಣುತ್ತದೆ, ಗ್ರೆಪ್‌ಗೂ ಸಿಗದೇ ಹೋಗಬಹುದು. ಫೈಲ್ ಕೆಟ್ಟಿಲ್ಲ. ಶೆಲ್ ಒಳಗಿಂದ ನೋಡಿದರೆ ಸರಿಯಾಗೇ ಇರುತ್ತದೆ.

ವಿಂಡೋಸ್‌ನಲ್ಲಿ?

ಹಳೇ ಕಮಾಂಡ್ ಪ್ರಾಂಪ್ಟ್ ಆದರೆ ತಲೆಬಿಸಿ ಇಲ್ಲ. ಅದರ ಹಿಸ್ಟರಿ ಮೆಮೊರಿಯಲ್ಲಿ ಮಾತ್ರ ಇರುತ್ತದೆ, ಕಿಟಕಿ ಮುಚ್ಚಿದರೆ ಹೋಯ್ತು. ಮುಚ್ಚದೇ ಅಳಿಸಲು ಆಲ್ಟ್ ಹಿಡಿದು ಎಫ್7.

ಪವರ್‌ಶೆಲ್ ಹಾಗಲ್ಲ, ಇಲ್ಲೇ ಜನ ಮೋಸ ಹೋಗುವುದು. `ಕ್ಲಿಯರ್-ಹಿಸ್ಟರಿ` ಎಂಬ ಕಮಾಂಡ್ ಇದೆ, ಹೊಡೆದರೆ ಎಲ್ಲ ಹೋಯಿತು ಅನ್ನಿಸುತ್ತದೆ, ಆದರೆ ಅದು ಆ ಸೆಷನ್‌ನ ಪಟ್ಟಿಯನ್ನಷ್ಟೇ ಅಳಿಸುತ್ತದೆ. ಬಾಣದ ಕೀ ನೋಡಿಕೊಳ್ಳುವುದು ಪಿಎಸ್‌ರೀಡ್‌ಲೈನ್ ಎಂಬ ಬೇರೆ ಭಾಗ. ಅದು `ಕನ್ಸೋಲ್‌ಹೋಸ್ಟ್_ಹಿಸ್ಟರಿ` ಎಂಬ ಟೆಕ್ಸ್ಟ್ ಫೈಲ್‌ಗೆ ಕಮಾಂಡ್‌ಗಳನ್ನು ಹೊಡೆದ ಕೂಡಲೇ ಬರೆಯುತ್ತದೆ. ಫೈಲ್ ಎಲ್ಲಿದೆ ಎಂದು ನೋಡಲು:

`(ಗೆಟ್-ಪಿಎಸ್‌ರೀಡ್‌ಲೈನ್‌ಆಪ್ಷನ್).ಹಿಸ್ಟರಿಸೇವ್‌ಪಾತ್`

ಅದು ತೋರಿಸಿದ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಬೇಡದ ಸಾಲು ತೆಗೆಯಿರಿ, ಇಲ್ಲವೇ ಫೈಲನ್ನೇ ಅಳಿಸಿ. ಡಬ್ಲ್ಯೂಎಸ್‌ಎಲ್‌ನಲ್ಲಿ (ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಸೌಲಭ್ಯ) ಉಬುಂಟು ಹಾಕಿಕೊಂಡವರಿಗೆ ಅದರೊಳಗೆ ಪ್ರತ್ಯೇಕ ಬ್ಯಾಶ್ ಹಿಸ್ಟರಿ ಇರುತ್ತದೆ, ಮೇಲೆ ಹೇಳಿದ ಲಿನಕ್ಸ್ ಕ್ರಮವೇ ಅದಕ್ಕೆ.

ಬ್ಯಾಶ್ ಬದಲು ಫಿಶ್ ಎಂಬ ಶೆಲ್ ಬಳಸುತ್ತೇನೆ. ಹೇಗೆ ಅಳಿಸಲಿ?

`ಹಿಸ್ಟರಿ ಕ್ಲಿಯರ್`. ಖಾತ್ರಿಯೇ ಅಂತ ಕೇಳುತ್ತದೆ, ಹೌದು ಅನ್ನಿ. ಸ್ಪೇಸ್ ಉಪಾಯ ಇದರಲ್ಲಿ ಮೊದಲಿಂದಲೇ ಇದೆ.

ಶೆಲ್ ಹಿಸ್ಟರಿ ಬಿಟ್ಟು ಬೇರೆಲ್ಲಾದರೂ ಉಳಿದಿರುತ್ತಾ?

ಇರುತ್ತದೆ. ಮೈಎಸ್‌ಕ್ಯೂಎಲ್ ಒಳಗೆ ಹೊಡೆದದ್ದು `.ಮೈಎಸ್‌ಕ್ಯೂಎಲ್_ಹಿಸ್ಟರಿ`ಯಲ್ಲಿ, ಪೈಥಾನ್ ಪ್ರಾಂಪ್ಟ್‌ನಲ್ಲಿ ಹೊಡೆದದ್ದು `.ಪೈಥಾನ್_ಹಿಸ್ಟರಿ`ಯಲ್ಲಿ, `ಲೆಸ್` ಒಳಗೆ ಹುಡುಕಿದ ಪದಗಳು `.ಲೆಸ್‌ಎಚ್‌ಎಸ್‌ಟಿ`ಯಲ್ಲಿ. ಇವೆಲ್ಲ ಹೋಮ್ ಫೋಲ್ಡರ್‌ನಲ್ಲೇ ಕೂತಿರುತ್ತವೆ. `ಸುಡೊ -ಐ` ಕೊಟ್ಟು ರೂಟ್ ಆಗಿ ಕೆಲಸ ಮಾಡಿದ್ದರೆ ಆ ಕಮಾಂಡ್‌ಗಳು ರೂಟ್‌ನ ಹಿಸ್ಟರಿ ಫೈಲ್‌ನಲ್ಲಿ, ನಿಮ್ಮದರಲ್ಲಿ ಅಲ್ಲ.

ಆಫೀಸ್ ಸರ್ವರ್‌ನಲ್ಲಿ ಹಿಸ್ಟರಿ ಅಳಿಸಿದರೆ ತೊಂದರೆ ಇದೆಯಾ?

ಇದೆ. ಇಂಟರ್ನ್‌ಶಿಪ್‌ಗೆ ಹೋಗುವ ಮಕ್ಕಳಿಗೆ ನಾನು ಒತ್ತಿ ಹೇಳುವುದು ಇದನ್ನೇ. ಸರ್ವರ್‌ಗೆ ಕಳ್ಳದಾರಿಯಲ್ಲಿ ನುಗ್ಗಿದವರು ಹೋಗುವ ಮುಂಚೆ ಮಾಡುವ ಕೆಲಸಗಳಲ್ಲಿ ಹಿಸ್ಟರಿ ಅಳಿಸುವುದೂ ಒಂದು. ಇಂಥವರ ತಂತ್ರಗಳನ್ನೆಲ್ಲ ಪಟ್ಟಿ ಮಾಡಿರುವ ಅಮೆರಿಕದ ಮೈಟರ್ ಸಂಸ್ಥೆಯ ಅಟ್ಯಾಕ್ ಪಟ್ಟಿಯಲ್ಲಿ ಇದಕ್ಕೆ ಪ್ರತ್ಯೇಕ ನಂಬರ್ ಕೂಡ ಕೊಟ್ಟಿದ್ದಾರೆ. ಹಾಗಾಗಿ ಖಾಲಿ ಹಿಸ್ಟರಿ ಕಂಡರೆ ಸೆಕ್ಯುರಿಟಿ ನೋಡಿಕೊಳ್ಳುವವರಿಗೆ ಮೊದಲು ಬರುವುದು ಅನುಮಾನ. ಆಡಿಟ್ ಹಾಕಿರುವ ಸರ್ವರ್‌ಗಳಲ್ಲಿ ಕಮಾಂಡ್‌ಗಳು ಬೇರೆ ಲಾಗ್‌ಗೂ ಹೋಗುತ್ತಿರುತ್ತವೆ, ಇಲ್ಲಿ ಅಳಿಸಿದರೂ ಅಲ್ಲಿ ಇರುತ್ತದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಕೊಟ್ಟ ನಿರ್ದೇಶನದ ಪ್ರಕಾರ ಕಂಪನಿಗಳು ತಮ್ಮ ಸಿಸ್ಟಮ್‌ಗಳ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು. ನಿಮ್ಮ ಹಿಸ್ಟರಿ ಫೈಲ್ ಅದರೊಳಗೆ ಬರುತ್ತದೋ ಇಲ್ಲವೋ ಅಂತ ನೀವೇ ತೀರ್ಮಾನಿಸಬೇಡಿ.

ಪಾಸ್‌ವರ್ಡ್ ಬಿದ್ದಿದ್ದರೆ ನೇರ ಟೀಮ್ ಲೀಡ್ ಹತ್ತಿರ ಹೋಗಿ ಹೇಳಿ. "ಸರ್, ಹೀಗಾಗಿದೆ, ಪಾಸ್‌ವರ್ಡ್ ಬದಲಿಸಬೇಕು" ಅಂದರೆ ಐದು ನಿಮಿಷದ ಕೆಲಸ. ಹೇಳದೆ ಅಳಿಸಿ, ಆಮೇಲೆ ಗೊತ್ತಾದರೆ ಆಗ ಕೇಳುವ ಪ್ರಶ್ನೆಗಳೇ ಬೇರೆ.

ಶ್ರೆಡ್ ಹಾಕಿದರೆ ಯಾರಿಗೂ ಸಿಗಲ್ಲ ಅಂತಾರೆ, ನಿಜಾನಾ?

`ಶ್ರೆಡ್` ಅಂದರೆ ಫೈಲ್ ಇದ್ದ ಜಾಗದ ಮೇಲೆ ಬೇರೇನೋ ಬರೆದು ಹಳೆಯದನ್ನು ಮುಚ್ಚುವ ಕಮಾಂಡ್. ಹಳೇ ಹಾರ್ಡ್ ಡಿಸ್ಕ್‌ನಲ್ಲಿ ಸ್ವಲ್ಪ ಮಟ್ಟಿಗೆ ನಿಜ. ಎಸ್‌ಎಸ್‌ಡಿಯಲ್ಲಿ ಭರವಸೆ ಇಲ್ಲ. ಅಲ್ಲಿ ಅದೇ ಜಾಗದ ಮೇಲೆ ಬರೆದೆ ಅಂದುಕೊಂಡರೂ ಡ್ರೈವ್ ಹೊಸದನ್ನು ಬೇರೆ ಕಡೆ ಬರೆದಿರುತ್ತದೆ. ಲ್ಯಾಪ್‌ಟಾಪ್ ಮಾರುವ ಯೋಚನೆ ಇದ್ದವರು ಇನ್‌ಸ್ಟಾಲ್ ಮಾಡುವಾಗಲೇ ಪೂರ್ತಿ ಡಿಸ್ಕ್ ಎನ್‌ಕ್ರಿಪ್ಟ್ ಮಾಡಿಕೊಳ್ಳುವುದು ವಾಸಿ.

ಇಷ್ಟೆಲ್ಲ ಯಾಕೆ, ಹಿಸ್ಟರಿಯನ್ನೇ ಶಾಶ್ವತವಾಗಿ ಆಫ್ ಮಾಡಿಬಿಡಲಾ?

ನಿಮ್ಮ ಸ್ವಂತ ಮಷೀನ್‌ನಲ್ಲಿ ಬೇಡ. ಕಂಟ್ರೋಲ್ ಒತ್ತಿ ಆರ್ ಹೊಡೆದು ಎರಡು ಅಕ್ಷರ ಕೊಟ್ಟರೆ ಮೂರು ತಿಂಗಳ ಹಿಂದೆ ಕಷ್ಟಪಟ್ಟು ಕಟ್ಟಿದ ಕಮಾಂಡ್ ಎದುರಿಗೆ ಬರುತ್ತದೆ. ಸರ್ವರ್ ಕೈಕೊಟ್ಟಾಗ "ನಿನ್ನೆ ಏನು ಬದಲಿಸಿದೆ?" ಎಂಬುದಕ್ಕೆ ಉತ್ತರವೂ ಅಲ್ಲೇ ಇರುತ್ತದೆ. ಹೊಸದಾಗಿ ಕಲಿಯುವವರಿಗಂತೂ ಅದು ತಾವೇ ಬರೆದ ನೋಟ್ಸ್. ನಾನಾದರೆ ಉಲ್ಟಾ ಹೇಳುತ್ತೇನೆ: `.ಬ್ಯಾಶ್‌ಆರ್‌ಸಿ`ಯಲ್ಲಿ `ಹಿಸ್ಟ್‌ಸೈಜ್` ಮತ್ತು `ಹಿಸ್ಟ್‌ಫೈಲ್‌ಸೈಜ್` ಎರಡನ್ನೂ 10000ಕ್ಕೆ ಏರಿಸಿ. ಜೊತೆಗೆ `ಹಿಸ್ಟ್‌ಟೈಮ್‌ಫಾರ್ಮ್ಯಾಟ್="%ಎಫ್ %ಟಿ "` ಸೇರಿಸಿ. ಈ ಮೂರೂ ಹೆಸರು ಪೂರ್ತಿ ದೊಡ್ಡಕ್ಷರ, ಎಫ್ ಮತ್ತು ಟಿ ಕೂಡ ದೊಡ್ಡಕ್ಷರ. ಆಮೇಲೆ ಹೊಡೆದ ಪ್ರತಿ ಕಮಾಂಡ್‌ನ ಪಕ್ಕ ದಿನಾಂಕ, ಸಮಯ ಬರುತ್ತದೆ. ಗುಟ್ಟಿನದ್ದನ್ನು ಸ್ಪೇಸ್ ಬಿಟ್ಟು ಹೊಡೆಯಿರಿ, ಉಳಿದದ್ದು ಇರಲಿ.

ತಪ್ಪಿ ಪೂರ್ತಿ ಅಳಿಸಿಬಿಟ್ಟೆ. ವಾಪಸ್ ತರಬಹುದಾ?

ಟರ್ಮಿನಲ್ ಮುಚ್ಚಿಲ್ಲ ಅಂದರೆ ಮುಚ್ಚಬೇಡಿ, ಅವಕಾಶ ಇದೆ. ಫೈಲ್ ಮಾತ್ರ ಹೋಗಿದ್ದರೆ ಮೆಮೊರಿಯಲ್ಲಿ ಪಟ್ಟಿ ಇನ್ನೂ ಇದೆ, `ಹಿಸ್ಟರಿ -ಡಬ್ಲ್ಯೂ` ಹೊಡೆದರೆ ಫೈಲ್ ಮತ್ತೆ ಹುಟ್ಟುತ್ತದೆ. ಮೆಮೊರಿ ಮಾತ್ರ ಖಾಲಿಯಾಗಿದ್ದರೆ ಫೈಲ್ ಇನ್ನೂ ಇದೆ, `ಹಿಸ್ಟರಿ -ಆರ್` ಹೊಡೆಯಿರಿ, ಓದಿಕೊಳ್ಳುತ್ತದೆ. ಎರಡೂ ಹೋಗಿದ್ದರೆ ಪಕ್ಕದಲ್ಲಿ ಮೊದಲಿಂದ ತೆರೆದಿರುವ ಇನ್ನೊಂದು ಟರ್ಮಿನಲ್ ಇದೆಯಾ ನೋಡಿ, ಅದರ ಮೆಮೊರಿಯಲ್ಲಿ ಹಳೇ ಪಟ್ಟಿ ಇರುತ್ತದೆ. ಅಲ್ಲಿಂದಲೇ `ಹಿಸ್ಟರಿ -ಡಬ್ಲ್ಯೂ` ಹೊಡೆಯಿರಿ. ಅದೂ ಇಲ್ಲದಿದ್ದರೆ ಬ್ಯಾಕಪ್ ಒಂದೇ ದಾರಿ.